ಓದುಗರ ಸ್ಪಂದನ: ಗೊಣಗುತ್ತಾ ಮಾಡಿದ ಸೇವೆ ದೇವರಿಗೆ ಮುಟ್ಟುತ್ತದಾ?

ಕಳೆದ ಸಲದ ಸಮಸ್ಯೆ: "ನನಗೆ 41 ವರ್ಷ, ಊರು ಹುಬ್ಬಳ್ಳಿ. ಅತ್ತೆಗೆ ಲಕ್ವ ಹೊಡೆದು ಎರಡು ವರ್ಷ ಆಯಿತು. ಹಾಸಿಗೆ ಹಿಡಿದಿದ್ದಾರೆ, ಮಾತು ಹೋಗಿದೆ. ಊಟ, ಸ್ನಾನ, ಬಟ್ಟೆ ಬದಲಿಸುವುದು ಎಲ್ಲ ನನ್ನದೇ. ಮದುವೆಯಾದ ಹೊಸದರಲ್ಲಿ ಅವರು ನನ್ನನ್ನು ತುಂಬ ನೋಯಿಸಿದವರು, ಅದಿನ್ನೂ ಮನಸ್ಸಿನಿಂದ ಹೋಗಿಲ್ಲ. ಯಜಮಾನರು ಚರ್ಚ್ ಸಭೆಯ ಕಮಿಟಿಯಲ್ಲಿದ್ದಾರೆ, ಸಂಜೆ ಮನೆಯಲ್ಲಿ ಇರುವುದೇ ಅಪರೂಪ. ನಾದಿನಿ ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಸತ್ಯವೇದದ ವಚನ ಕಳಿಸುತ್ತಾಳೆ, ಬಂದು ನೋಡುವುದಿಲ್ಲ. ಡಾಕ್ಟರು ಬಂದಾಗ ಬೆನ್ನಲ್ಲಿ ಒಂದು ಹುಣ್ಣೂ ಇಲ್ಲ ಅಂತ ಹೊಗಳಿದರು, ನನಗೆ ನಾಚಿಕೆಯಾಯಿತು. ಏಕೆಂದರೆ ಅದರ ಹಿಂದಿನ ದಿನವೇ ಅವರು ಗಂಜಿ ಉಗಿದಾಗ ನಾನು ಕೈ ಎತ್ತಿಬಿಟ್ಟಿದ್ದೆ. ಹೊಡೆಯಲಿಲ್ಲ. ಆ ಭಾನುವಾರ ಕ್ವಾಯರ್‌ನಲ್ಲಿ ದೇವರ ಪ್ರೀತಿಯ ಹಾಡು ಹಾಡುವಾಗ ಗಂಟಲು ಕಟ್ಟಿತು. ಅಂದಿನಿಂದ ಕ್ವಾಯರ್ ಬಿಟ್ಟಿದ್ದೇನೆ. ನಾನು ಕಪಟಿ ಅಲ್ವಾ?"

ನಿವೃತ್ತ ನರ್ಸ್, ಮಂಗಳೂರು

ತಂಗಿ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಡಾಕ್ಟರು ಹೇಳಿದ ಆ ಒಂದು ಮಾತಿನ ಮೇಲೆ. ನೀವು ಅದನ್ನು ಸುಮ್ನೆ ಬರೆದು ಮುಂದೆ ಹೋಗಿದ್ದೀರಿ. ನಾನು 34 ವರ್ಷ ವಾರ್ಡ್‌ಗಳಲ್ಲಿ ಕೆಲಸ ಮಾಡಿದವಳು. ಎರಡು ವರ್ಷ ಮಲಗಿದವರ ಬೆನ್ನು, ಸೊಂಟ, ಹಿಮ್ಮಡಿ ಹುಣ್ಣಾಗದೆ ಉಳಿದಿದೆ ಅಂದರೆ ಯಾರೋ ಹಗಲು ರಾತ್ರಿ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಾರೆ, ಒದ್ದೆ ಬಟ್ಟೆ ಕೂಡಲೇ ತೆಗೆದಿದ್ದಾರೆ, ಚರ್ಮ ಒಣಗಿಸಿದ್ದಾರೆ, ಹಾಸಿಗೆಯ ಸುಕ್ಕು ಬಿಡಿಸಿದ್ದಾರೆ ಅಂತ ಅರ್ಥ. ಮೂರು ಪಾಳಿಯ ನರ್ಸ್‌ಗಳಿದ್ದರೂ ಅದು ಸುಲಭ ಅಲ್ಲ. ನನ್ನಲ್ಲಿ ಪ್ರೀತಿ ಇದೆಯಾ ಅಂತ ನೀವು ಎದೆಯೊಳಗೆ ಹುಡುಕುತ್ತಿದ್ದೀರಿ. ಅತ್ತೆಯ ಬೆನ್ನು ನೋಡಿ ತಂಗಿ, ಅಲ್ಲಿದೆ ಅದು.

ನಮ್ಮ ಮಂಗಳೂರಿನ ಕಂಕನಾಡಿಯಲ್ಲಿದ್ದ ಪಾದ್ರಿ ಫಾದರ್ ಮುಲ್ಲರ್ 1880ರಲ್ಲಿ ಔಷಧಿ ಕೊಡಲು ಶುರು ಮಾಡಿದವರು. ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಆ ಕಾಲದಲ್ಲಿ ಅಲ್ಲಿ ಗಾಯ ತೊಳೆದವರಿಗೆ ದಿನಾ ಪ್ರೀತಿ ಉಕ್ಕಿ ಬರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ವಾಸನೆಗೆ ಹೊಟ್ಟೆ ತೊಳಸಿರುತ್ತದೆ, ಒಮ್ಮೊಮ್ಮೆ ಸಿಟ್ಟೂ ಬಂದಿರುತ್ತದೆ. ಆದರೂ ಮಾರನೆಯ ಬೆಳಿಗ್ಗೆ ನೀರು ಕಾಯಿಸಿಕೊಂಡು ಮತ್ತೆ ಹೋಗಿದ್ದಾರೆ.

ಗಂಜಿ ಉಗಿಯುವುದರ ಬಗ್ಗೆ. ಲಕ್ವದಲ್ಲಿ ಗಂಟಲಿನ ಸ್ನಾಯುಗಳೂ ಸೋತಿರುತ್ತವೆ. ತೆಳ್ಳಗಿನ ಗಂಜಿ ದಾರಿ ತಪ್ಪಿ ಶ್ವಾಸಕೋಶದ ಕಡೆ ಹೋಗುತ್ತದೆ, ಆಗ ಉಗಿಯುತ್ತಾರೆ, ಕೆಮ್ಮುತ್ತಾರೆ. ಅದು ಹಟ ಅಲ್ಲ. ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಇರಲಿ, ಗಂಜಿ ಗಟ್ಟಿಯಾಗಿರಲಿ, ಸಣ್ಣ ಚಮಚ ಸಾಕು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಉಳಿದದ್ದನ್ನು ಡಾಕ್ಟರ ಹತ್ತಿರ ಕೇಳಿ.

ಆದರೆ ಕೈ ಎತ್ತಿದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದೇವರು ಕ್ಷಮಿಸುತ್ತಾನೆ, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೂ ನೀವು ಮಿತಿಮೀರಿ ದಣಿದಿದ್ದೀರಿ ಅಂತ ನಿಮ್ಮ ದೇಹವೇ ಹೇಳುತ್ತಿದೆ. ಮತ್ತೆ ಅಂಥ ಹೊತ್ತು ಬಂದರೆ ತಟ್ಟೆ ಕೆಳಗಿಡಿ, ಅವರು ಬೀಳದ ಹಾಗೆ ಇದ್ದಾರಾ ನೋಡಿ, ಹೊರಗೆ ಹೋಗಿ ನಿಲ್ಲಿ.

ಒಳ್ಳೆಯ ಸಮಾರ್ಯದವನ ಕಥೆ ನಮಗೆಲ್ಲ ಬಾಯಿಪಾಠ. ಲೂಕನ ಸುವಾರ್ತೆ, 10ನೇ ಅಧ್ಯಾಯ. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನ ಗಾಯಕ್ಕೆ ಅವನು ಎಣ್ಣೆ ಹಾಕಿ ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆದುಕೊಂಡು ಹೋದ, ರಾತ್ರಿ ಆರೈಕೆ ಮಾಡಿದ. ಮಾರನೆಯ ದಿನ ಏನು ಮಾಡಿದ? ಛತ್ರದವನ ಕೈಗೆ ಎರಡು ದಿನದ ಕೂಲಿಯಷ್ಟು ದುಡ್ಡು ಕೊಟ್ಟು, ಇವನನ್ನು ನೋಡಿಕೋ, ಜಾಸ್ತಿ ಖರ್ಚಾದರೆ ವಾಪಸ್ ಬಂದಾಗ ಕೊಡುತ್ತೇನೆ ಅಂದು ತನ್ನ ದಾರಿ ಹಿಡಿದ. ಯೇಸು ನಮಗೆ ಮಾದರಿಯಾಗಿ ತೋರಿಸಿದ ಮನುಷ್ಯನೇ ಇನ್ನೊಬ್ಬನ ಸಹಾಯ ಕೇಳಿದ್ದಾನೆ. ನೀವೂ ಕೇಳಿ. ವಾರಕ್ಕೆ ಎರಡು ದಿನ ಆಯಾ ಇಡಲು ಆಗುತ್ತದಾ ನೋಡಿ, ಅದರ ದುಡ್ಡನ್ನು ನಾದಿನಿ ಕೊಡಲಿ.

ನಿವೃತ್ತ ಬ್ಯಾಂಕ್ ನೌಕರ, ಧಾರವಾಡ

ಇದು ಆ ತಂಗಿಗಲ್ಲ, ಅವರ ಯಜಮಾನರಿಗೆ.

ಸಾರ್, ನಾನೂ ಸಭೆಯ ಖಜಾಂಚಿ ಆಗಿದ್ದೆ, ಒಂಬತ್ತು ವರ್ಷ. ಕಾಂಪೌಂಡ್ ಗೋಡೆ, ಹೊಸ ಹಾಲ್, ವಾರ್ಷಿಕ ಲೆಕ್ಕ, ಎಲ್ಲದಕ್ಕೂ ನಾನೇ ಮುಂದೆ. ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದರು. ನನ್ನ ಹೆಂಡತಿ ನೋಡಿಕೊಳ್ಳುತ್ತಿದ್ದಳು. ನಾನು ದೇವರ ಕೆಲಸದಲ್ಲಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ, ಹೆಂಡತಿಗೂ ಹೇಳಿದ್ದೆ. ಅಮ್ಮನ ಕೊನೆಯ ಆರು ತಿಂಗಳಲ್ಲಿ ನಾನು ಒಂದು ಸಲವೂ ಅವರ ಉಗುರು ಕತ್ತರಿಸಲಿಲ್ಲ. ಈಗ ಅದನ್ನು ನೆನೆಸಿಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ.

ಮಾರ್ಕನ ಸುವಾರ್ತೆಯ 7ನೇ ಅಧ್ಯಾಯ ತೆಗೆದು ಓದಿ. ತಂದೆ ತಾಯಿಗೆ ಸಲ್ಲಬೇಕಾದ್ದನ್ನು ಜನ 'ಕೊರ್ಬಾನ್' ಅಂದುಬಿಡುತ್ತಿದ್ದರು. ಅಂದರೆ ದೇವರಿಗೆ ಮುಡಿಪು. ಹಾಗೆ ಅಂದರೆ ಮುಗಿಯಿತು, ಮತ್ತೆ ಹೆತ್ತವರಿಗೆ ಏನೂ ಮಾಡಬೇಕಾಗಿಲ್ಲ. ನಿಮ್ಮ ಸಂಪ್ರದಾಯದಿಂದ ದೇವರ ವಾಕ್ಯವನ್ನೇ ಬರಿದು ಮಾಡುತ್ತೀರಿ ಅಂತ ಯೇಸು ಅವರನ್ನು ಎದುರಿಗೇ ಗದರಿಸಿದ. ನಾನು ಸಂಜೆಗಳನ್ನು ಕೊರ್ಬಾನ್ ಮಾಡಿದ್ದೆ. ಶಿಲುಬೆಯ ಮೇಲೆ ಜೀವ ಹೋಗುತ್ತಿದ್ದ ಹೊತ್ತಿನಲ್ಲೂ ಆತ ತಾಯಿಯನ್ನು ಯಾರ ಮನೆಯಲ್ಲಿ ಬಿಡಬೇಕು ಅಂತ ಯೋಚಿಸಿದ, ತನ್ನ ಪ್ರೀತಿಯ ಶಿಷ್ಯನಿಗೆ ಒಪ್ಪಿಸಿದ. ಯೋಹಾನ 19ರಲ್ಲಿದೆ. ನಮಗೆ ಕಮಿಟಿ ಮೀಟಿಂಗ್ ಅಡ್ಡ ಬಂತು.

ಯೇಸು ಹೇಳಿದ ಇಬ್ಬರು ಮಕ್ಕಳ ಸಾಮ್ಯ, ಅಂದರೆ ನೀತಿಕಥೆ, ನೆನಪಿದೆಯಾ? ದ್ರಾಕ್ಷಿ ತೋಟಕ್ಕೆ ಹೋಗು ಅಂತ ಅಪ್ಪ ಅಂದಾಗ ಒಬ್ಬ ಒಲ್ಲೆ ಅಂದ, ಆಮೇಲೆ ಹೋದ. ಇನ್ನೊಬ್ಬ ಹೋಗುತ್ತೇನೆ ಅಪ್ಪಾ ಅಂದ, ಹೋಗಲಿಲ್ಲ. ನಿಮ್ಮ ಮನೆಯಲ್ಲಿ ಒಲ್ಲೆ ಒಲ್ಲೆ ಅನ್ನುತ್ತಲೇ ತೋಟಕ್ಕೆ ಹೋದವರು ನಿಮ್ಮ ಹೆಂಡತಿ. ನನ್ನ ಮನೆಯಲ್ಲಿ ಎರಡನೆಯ ಮಗ ನಾನಾಗಿದ್ದೆ. ಸಾರ್, ನಿಮ್ಮ ತಾಯಿ ಇನ್ನೂ ಇದ್ದಾರೆ. ಇವತ್ತು ಸಂಜೆ ಬೇಗ ಮನೆಗೆ ಹೋಗಿ.

ಗೃಹಿಣಿ, ಮೈಸೂರು

ನಾವು ಕಥೋಲಿಕರು. ನನ್ನ ಅತ್ತೆ ಅಕ್ಕಿ ಡಬ್ಬಕ್ಕೆ ಬೀಗ ಹಾಕಿ ಕೀಲಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದವರು. ಹಾಗಾಗಿ ಅಕ್ಕಾ, ಹಳೆಯ ನೋವು ಹೋಗಿಲ್ಲ ಅಂದಿರಲ್ಲ, ಅದು ನನಗೆ ಗೊತ್ತು. ಒಮ್ಮೆ ಕ್ಷಮಿಸಿದರೆ ಮುಗಿಯಿತು ಅಂತ ತಿಳಿದಿದ್ದೆ. ಮುಗಿಯಲಿಲ್ಲ. ಅನ್ನಕ್ಕೆ ಅಕ್ಕಿ ಅಳೆಯುವಾಗೆಲ್ಲ ಆ ಬೀಗ ನೆನಪಾಗುತ್ತಿತ್ತು. ಎಷ್ಟು ಸಲ ಕ್ಷಮಿಸಬೇಕು, ಏಳು ಸಲವಾ ಅಂತ ಶಿಷ್ಯ ಪೇತ್ರ ಕೇಳಿದಾಗ ಯೇಸು ಏಳೆಪ್ಪತ್ತು ಸಲ ಅಂದದ್ದು, ಬೇರೆ ಬೇರೆ ತಪ್ಪುಗಳಿಗೆ ಅಂತ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಒಂದೇ ತಪ್ಪನ್ನು, ನೆನಪಾದಾಗೆಲ್ಲ, ಮತ್ತೆ ಮತ್ತೆ ಕ್ಷಮಿಸಬೇಕಾಗುತ್ತದೆ. ನಿಮಗೆ ಮತ್ತೆ ಸಿಟ್ಟು ಬಂತು ಅಂದ ಮಾತ್ರಕ್ಕೆ ಹಿಂದೆ ಕ್ಷಮಿಸಿದ್ದು ಸುಳ್ಳಾಗುವುದಿಲ್ಲ.

ಫ್ರಾನ್ಸಿನ ಲಿಸ್ಯೂ ಊರಿನ ಸಂತ ತೆರೇಸಾ ಗೊತ್ತಲ್ವಾ, 1897ರಲ್ಲಿ 24ನೇ ವಯಸ್ಸಿಗೇ ತೀರಿಕೊಂಡವರು. ಅವರ ಮಠದಲ್ಲಿ ಸಿಸ್ಟರ್ ಸೇಂಟ್ ಪಿಯರ್ ಅಂತ ಒಬ್ಬ ಕಾಯಿಲೆಯ ಮುದುಕಿ ಸನ್ಯಾಸಿನಿ ಇದ್ದರು. ಸಂಜೆ ಅವರನ್ನು ಪ್ರಾರ್ಥನೆಯಿಂದ ಎಬ್ಬಿಸಿ ಊಟದ ಕೋಣೆಗೆ ನಡೆಸಿಕೊಂಡು ಹೋಗಬೇಕು. ಬೇಗ ನಡೆಸಿದರೆ ಬೀಳಿಸುತ್ತೀಯಾ ಅಂತ ಬೈಗುಳ, ನಿಧಾನ ಮಾಡಿದರೆ ನನ್ನನ್ನು ಬಿಟ್ಟುಬಿಟ್ಟೆಯಾ ಅಂತ ಬೈಗುಳ. ಆ ಕೆಲಸಕ್ಕೆ ಮುಂದೆ ಬರುವುದು ತಮಗೆ ಕಷ್ಟವೇ ಆಗಿತ್ತು ಅಂತ ತೆರೇಸಾ ಮುಚ್ಚಿಡದೆ ಬರೆದಿದ್ದಾರೆ. ಸಂತರಿಗೂ ಮನಸ್ಸು ಬರಲಿಲ್ಲ, ನೋಡಿ! ಕೂರಿಸಿದ ಮೇಲೆ ಕೆಲಸ ಮುಗಿಯುತ್ತಿತ್ತು. ಆದರೆ ಆ ಅಜ್ಜಿಗೆ ಬ್ರೆಡ್ ತುಂಡು ಮಾಡಲು ಕೈ ಬರುವುದಿಲ್ಲ ಅಂತ ಅವರ ಕಣ್ಣಿಗೆ ಬಿತ್ತು. ದಿನಾ ಅದನ್ನೂ ಕತ್ತರಿಸಿಕೊಟ್ಟು, ಒಂದು ನಗು ನಕ್ಕು ಬರುತ್ತಿದ್ದರು.

ನನ್ನ ಅತ್ತೆ ಕೊನೆಗಾಲದಲ್ಲಿ ತಲೆ ಬಾಚಿಸಿಕೊಳ್ಳಲು ಇಷ್ಟಪಡುತ್ತಿದ್ದರು. ನಾನು ಐದು ನಿಮಿಷ ಜಾಸ್ತಿ ಬಾಚುತ್ತಿದ್ದೆ. ಆ ಐದು ನಿಮಿಷ ಬಿಟ್ಟರೆ ಉಳಿದ ದಿನವೆಲ್ಲ ನಾನೂ ಗೊಣಗಿದವಳೇ.

ಹೆಸರು ಬೇಡ, ಶಿವಮೊಗ್ಗ

ನಾನು ಆ ಹಾಸಿಗೆಯ ಮೇಲೆ ಇದ್ದವಳು. ಲಕ್ವ ಹೊಡೆದು ಏಳು ತಿಂಗಳು ಮಾತಿರಲಿಲ್ಲ. ಒಳಗೆ ಎಲ್ಲಾ ಗೊತ್ತಾಗುತ್ತಿತ್ತು. ನೀರು ಅನ್ನಬೇಕು ಅಂತ ಬಾಯಿ ತೆಗೆದರೆ ಬೇರೆ ಏನೋ ಶಬ್ದ ಬರುತ್ತಿತ್ತು, ಕಾರಣವಿಲ್ಲದೆ ಅಳು ಬರುತ್ತಿತ್ತು, ನಿಲ್ಲಿಸಲು ಆಗುತ್ತಿರಲಿಲ್ಲ. ನನ್ನ ಸೊಸೆ ಮುಖ ಗಂಟು ಹಾಕಿಕೊಂಡೇ ಬರುತ್ತಿದ್ದಳು. ಆದರೆ ಬರುತ್ತಿದ್ದಳು. ಅವಳ ಬಳೆ ಸದ್ದು ಕೇಳಿದರೆ ನನಗೆ ಧೈರ್ಯ. ಅವಳಿಗೆ ಹಿಂದೆ ನಾನು ಆಡಿದ ಮಾತುಗಳು ಒಂದೊಂದಾಗಿ ನೆನಪಾಗಿ, ಕ್ಷಮಿಸಮ್ಮ ಅನ್ನಬೇಕು ಅಂತ ಎಷ್ಟು ಒದ್ದಾಡಿದ್ದೇನೋ ದೇವರಿಗೇ ಗೊತ್ತು. ಮಾತು ಬಂದ ಮೇಲೆ ಹೇಳಿದೆ. ನಿಮ್ಮ ಅತ್ತೆಗೆ ಆ ಭಾಗ್ಯ ಸಿಗುತ್ತದೋ ಇಲ್ಲವೋ. ಅವರ ಎಡಗೈಗೆ ಶಕ್ತಿ ಇದ್ದರೆ ಒಂದು ಸಲ ಹಿಡಿದುಕೊಂಡು ನೋಡಿ ಮಗಳೇ, ಅವರು ಬಿಗಿಯಾಗಿ ಹಿಡಿದರೆ ಅದೇ ಅವರ ಮಾತು ಅಂತ ತಿಳಿದುಕೊಳ್ಳಿ.

ಓದುಗಿ, ಕೇಶ್ವಾಪುರ, ಹುಬ್ಬಳ್ಳಿ

ಅಕ್ಕಾ, ನಾವು ಒಂದೇ ಊರಿನವರು. ನಮ್ಮ ಸಭೆಯಲ್ಲಿ ಆರಾಧನೆ ಸಂಜೆ ಇರುತ್ತದೆ, ಹಾಗಾಗಿ ಭಾನುವಾರ ಬೆಳಿಗ್ಗೆ ನನಗೆ ಬಿಡುವು. ಎಂಟು ಗಂಟೆಯಿಂದ ಹನ್ನೊಂದರವರೆಗೆ ನಿಮ್ಮ ಅತ್ತೆಯ ಹತ್ತಿರ ನಾನು ಕೂರುತ್ತೇನೆ. ನನ್ನ ತಾಯಿಯನ್ನು ನೋಡಿಕೊಂಡು ಅಭ್ಯಾಸ ಇದೆ, ಮಗ್ಗುಲು ಬದಲಿಸಲು, ಗಂಜಿ ಕುಡಿಸಲು ಬರುತ್ತದೆ. ನನ್ನ ನಂಬರ್ ಸಂಪಾದಕರ ಹತ್ತಿರ ಕೊಟ್ಟಿದ್ದೇನೆ, ಫೋನ್ ಮಾಡಿ. ನೀವು ಕ್ವಾಯರ್‌ಗೆ ಹೋಗಿ ಬನ್ನಿ.