ಎರಡೇ ನೋಡ್ ಇದ್ದರೂ ಮರ್ಜ್ ಸಾರ್ಟ್ ಮುಗೀತಿಲ್ಲ, ಎಲ್ಲಿ ತಪ್ಪಿದ್ದೀನಿ?

ಪೀಣ್ಯದ_ಲೆಕ್ಕದವಳು:
ನಮಸ್ಕಾರ. ಪೀಣ್ಯದ ಒಂದು ಲೇತ್ ವರ್ಕ್‌ಶಾಪಲ್ಲಿ ಲೆಕ್ಕ ಬರೀತೀನಿ, ಸಂಜೆ ಪೈಥಾನ್ ಕ್ಲಾಸು. ಡೆಲಿವರಿ ಚಲನ್‌ಗಳನ್ನ ತಾರೀಖಿನ ಪ್ರಕಾರ ಮರ್ಜ್ ಸಾರ್ಟಲ್ಲಿ (ಅರ್ಧರ್ಧ ಸೀಳಿ, ಆಮೇಲೆ ಕ್ರಮವಾಗಿ ಕೂಡಿಸೋದು) ಜೋಡಿಸಬೇಕು, ಅದೂ ಲಿಂಕ್ಡ್ ಲಿಸ್ಟಲ್ಲಿ (ಒಂದೊಂದು ಚಲನ್‌ಗೆ ಒಂದು ನೋಡ್, ಪ್ರತಿ ನೋಡಲ್ಲೂ ಮುಂದಿನದಕ್ಕೆ ಕೊಂಡಿ), ರಿಕರ್ಷನ್ನಲ್ಲಿ (ಫಂಕ್ಷನ್ ತನ್ನನ್ನೇ ಕರೆಯೋದು). ಅರೇ (ಪೈಥಾನಿನ ಮಾಮೂಲಿ ಲಿಸ್ಟ್) ಮುಟ್ಟಂಗಿಲ್ಲ ಅಂದಿದ್ದಾರೆ ಮೇಷ್ಟ್ರು. ಪೈಥಾನ್ 3ರಲ್ಲಿ ವೇರಿಯೆಬಲ್‌ಗೆ ಕನ್ನಡದ ಹೆಸರಿಡಬಹುದು ಅಂತ ಗೊತ್ತಾದ ದಿನದಿಂದ ನನ್ನ ಕೋಡೆಲ್ಲ ಹೀಗೇ, ನಗಬೇಡಿ. ಖಾಲಿ ಅನ್ನೋದಕ್ಕೆ 'ಇಲ್ಲ' ಅಂತ ಹೆಸರು. ಲಿಸ್ಟನ್ನ ಸೀಳೋ ಭಾಗ ಇದು:

ನಿಧಾನ = ತಲೆ
ವೇಗ = ತಲೆ
(ಇಲ್ಲಿ ಲೂಪ್: ವೇಗ, ವೇಗ.ಮುಂದೆ ಎರಡೂ ಇರೋತನಕ ನಿಧಾನ ಒಂದು ಹೆಜ್ಜೆ, ವೇಗ ಎರಡು ಹೆಜ್ಜೆ)
ಉಳಿದದ್ದು = ನಿಧಾನ.ಮುಂದೆ
ನಿಧಾನ.ಮುಂದೆ = ಇಲ್ಲ

ಒಂದೇ ಚಲನ್ ಕೊಟ್ಟರೆ ಸರಿ. ಎರಡು ಕೊಟ್ಟರೆ ರಿಕರ್ಷನ್ ಎರರ್. ಕ್ಲಾಸಲ್ಲಿ ಯಾರೋ ಫಂಕ್ಷನ್ ಎಷ್ಟು ಆಳಕ್ಕೆ ತನ್ನನ್ನೇ ಕರೀಬಹುದು ಅನ್ನೋ ಲಿಮಿಟ್ 1000 ಇರುತ್ತೆ, 50,000 ಮಾಡಿ ಅಂದ್ರು. ಮಾಡಿದೆ. ಎರರೂ ಬರಲಿಲ್ಲ, ವಿಂಡೋನೇ ಮುಚ್ಚಿಕೊಂಡು ಹೋಯ್ತು. ಎರಡು ಚಲನ್‌ಗೆ 50,000 ಸಾಲದಾ ಸಾರ್?

ಸುಮ್ನೆ_ಬಂದೆ:
ಸಾರ್ಟೆಡ್ ಅಂತ ಒಂದು ಫಂಕ್ಷನ್ ಇದೆ ಮೇಡಂ, ಒಂದೇ ಸಾಲು.

ಬನಶಂಕರಿ_ರಾತ್ರಿಪಾಳಿ:
ಹೋಮ್‌ವರ್ಕ್ ಅಂದಿದ್ದಾರಲ್ಲ ಗುರು. ಆ ಸಾರ್ಟೆಡ್ ಒಳಗಿರೋ ಟಿಮ್‌ಸಾರ್ಟ್ ಕೂಡ ಮರ್ಜ್ ಸಾರ್ಟಿನ ವಂಶದ್ದೇ, 2002ರಲ್ಲಿ ಟಿಮ್ ಪೀಟರ್ಸ್ ಬರೆದದ್ದು.

ಮೇಡಂ, ಲಿಮಿಟ್ ವಾಪಸ್ 1000ಕ್ಕೇ ಇಡಿ. ಎರಡು ಚಲನ್ ತಗೊಂಡು ಪೆನ್ನಲ್ಲಿ ನಡೆಸಿ ನೋಡಿ. 12ನೇ ತಾರೀಖು, ಆಮೇಲೆ 5ನೇ ತಾರೀಖು. ನಿಧಾನ, ವೇಗ ಇಬ್ಬರೂ 12ರ ಮೇಲೆ ನಿಂತಿದ್ದಾರೆ. ವೇಗ ಎರಡು ಹೆಜ್ಜೆ ಹಾಕಿ ಲಿಸ್ಟಿಂದ ಆಚೆ ಬಿತ್ತು. ನಿಧಾನ ಒಂದು ಹೆಜ್ಜೆ ಹಾಕಿ 5ರ ಮೇಲೆ ನಿಂತ್ಕೊಂಡಿತು, ಅಂದ್ರೆ ಕೊನೇ ನೋಡ್. ಅದರ ಮುಂದೆ ಏನಿದೆ? ಇಲ್ಲ. ನೀವು ಕೊಂಡಿ ಕಳಚಿದ್ದು ಕೊನೇ ಬೋಗಿಯ ಹಿಂದೆ, ಅಲ್ಲಿ ಕಳಚೋಕೇ ಏನೂ ಇಲ್ಲ. ಎಡಕ್ಕೆ ಎರಡೂ ಬಂದವು, ಬಲಕ್ಕೆ ಸೊನ್ನೆ. ಆ ಎರಡನ್ನ ಮತ್ತೆ ಸೀಳೋಕೆ ಕಳಿಸಿದ್ರೆ ಮತ್ತೆ ಅದೇ ಎರಡು. 50,000 ಸಲ ಕೇಳಿದ್ರೂ ಅದೇ ಉತ್ತರ.

ಒಂದೇ ಸಾಲು ಬದಲಿಸಿ:

ವೇಗ = ತಲೆ.ಮುಂದೆ

ಈಗ ಎರಡು ನೋಡ್ ಇದ್ದಾಗ ಲೂಪ್ ಓಡೋದೇ ಇಲ್ಲ, ನಿಧಾನ 12ರ ಮೇಲೇ ಉಳಿಯುತ್ತೆ, ಒಂದೊಂದು ಆಗಿ ಸೀಳುತ್ತೆ. ಮೂರಿದ್ರೆ ಎರಡು, ಒಂದು.

ಪೀಣ್ಯದ_ಲೆಕ್ಕದವಳು:
ಅಯ್ಯೋ, ಅಷ್ಟೇನಾ! ಗ್ರೀನ್ ಲೈನಲ್ಲಿ ನಿಂತ್ಕೊಂಡೇ ಟಿಕೆಟ್ ಹಿಂದೆ ಬರೆದು ನೋಡಿದೆ, ಯಲಚೇನಹಳ್ಳಿ ಬರೋಷ್ಟರಲ್ಲಿ ಹೊಳೀತು. 20 ಚಲನ್ ಸರಿಯಾಗಿ ಬಂತು. ಆದ್ರೆ ಇಡೀ ವರ್ಷದ್ದು 1842 ಹಾಕಿದ್ರೆ ಅದೇ ಎರರ್. ಈ ಸಲ ಸೀಳಿದ ಎರಡು ಭಾಗಾನ ಜೋಡಿಸೋ ಫಂಕ್ಷನ್ ಹೆಸರು ತೋರಿಸ್ತಿದೆ. ಅದನ್ನೂ ರಿಕರ್ಷನ್ನಲ್ಲೇ ಬರೆದಿದ್ದೀನಿ: ಚಿಕ್ಕದನ್ನ ಎತ್ತಿಕೋ, ಉಳಿದಿದ್ದಕ್ಕೆ ಮತ್ತೆ ತನ್ನನ್ನೇ ಕರೆ.

ಬನಶಂಕರಿ_ರಾತ್ರಿಪಾಳಿ:
ಸೀಳೋದು ಪ್ರತಿ ಸಲ ಅರ್ಧ ಆಗುತ್ತೆ. 1842ಕ್ಕೆ 11 ಸಲ ಸೀಳಿದ್ರೆ ಎಲ್ಲ ಒಂಟಿ ಆಗಿಬಿಡುತ್ತೆ, ಒಂದನ್ನ 11 ಸಲ ದುಪ್ಪಟ್ಟು ಮಾಡಿದ್ರೆ 2048, 1842 ಅದರೊಳಗೇ ಬರುತ್ತೆ. ಅಲ್ಲಿ ರಿಕರ್ಷನ್ ಆರಾಮ. ಜೋಡಿಸೋದು ಹಾಗಲ್ಲ, ಒಂದೊಂದು ಚಲನ್‌ಗೂ ಒಂದು ಕರೆ ಒಳಗೆ ಇಳೀತಾ ಹೋಗುತ್ತೆ. ಸಾವಿರ ದಾಟಿತೋ, ಪೈಥಾನ್ ಕೈ ಎತ್ತುತ್ತೆ. ಜೋಡಿಸೋದನ್ನ ಮಾತ್ರ ಲೂಪಲ್ಲಿ ಬರೀರಿ. ಮೊದಲಿಗೆ ಒಂದು ಡಮ್ಮಿ ನೋಡ್ (ಚಲನ್ ಇಲ್ಲದ್ದು, ಬರೀ ಆಸರೆಗೆ) ಇಟ್ಟು, ಬಾಲ ಅಂತ ಕೊನೇ ನೋಡನ್ನ ತೋರಿಸೋ ಒಂದು ಪಾಯಿಂಟರ್ ಎಳ್ಕೊಂಡು ಹೋಗಿ. ಕೊನೆಗೆ ಯಾವ ಕಡೆ ಉಳಿದಿದ್ಯೋ ಅದನ್ನ ಹಾಗೇ ಬಾಲಕ್ಕೆ ಸಿಕ್ಕಿಸಿ. ಮೇಷ್ಟ್ರು ತಕರಾರು ಮಾಡಲ್ಲ, ಸಾರ್ಟ್ ರಿಕರ್ಷನ್ನಲ್ಲೇ ಇರುತ್ತಲ್ಲ.

ಕೆಂಗೇರಿ_ಸಿ_ಹಳಬ:
ಒಂದು ಮಾತು. ಹೋಲಿಸುವಾಗ 'ಎಡದ್ದು ಚಿಕ್ಕದಾದ್ರೆ' ಅಂತ ಹಾಕಿದ್ದೀರಾ, 'ಚಿಕ್ಕದು ಅಥವಾ ಸಮ ಆದ್ರೆ' ಅಂತಾನಾ? ಮೊದಲನೇದಾದ್ರೆ ಒಂದೇ ದಿನದ ಚಲನ್‌ಗಳು ಹಿಂದುಮುಂದಾಗ್ತವೆ. ನಾನು ಇದರಲ್ಲಿ ಒಂದು ಭಾನುವಾರ ಕಳಕೊಂಡಿದ್ದೀನಿ.

ಪೀಣ್ಯದ_ಲೆಕ್ಕದವಳು:
ಹೌದು ಸಾರ್! ಮಾರ್ಚ್ 31ಕ್ಕೆ ಹದಿನಾಲ್ಕು ಚಲನ್ ಇವೆ, ನಂಬರೆಲ್ಲ ಉಲ್ಟಾ ಬಂದಿತ್ತು, ನಾನು ಎಂಟ್ರಿ ತಪ್ಪು ಅಂದ್ಕೊಂಡು ಫೈಲ್ ತೆಗೆದು ಕೂತಿದ್ದೆ. 'ಸಮ' ಸೇರಿಸಿದೆ, ನೆಟ್ಟಗಾಯ್ತು. 1842ನೂ ಬಂತು. ಎಷ್ಟು ಆಳ ಇಳೀತು ಅಂತ ಪ್ರಿಂಟ್ ಹಾಕಿದ್ರೆ 12 ತೋರಿಸ್ತಿದೆ, 11 ಅಲ್ಲ.

ಬನಶಂಕರಿ_ರಾತ್ರಿಪಾಳಿ:
ನೀವು ಕರೆದ ಮೊದಲನೇ ಕರೆಯನ್ನೂ ಅದು ಎಣಿಸಿದೆ ಮೇಡಂ.