ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಡಿ ಡ್ರೈವ್‌ನಲ್ಲಿ ‘ಆಕ್ಸೆಸ್ ಡಿನೈಡ್’, ಜೊತೆಗೆ ಎರರ್ 1402

ಪ್ರಶ್ನೆ
ವಿಂಡೋಸ್ 11 ಹೊಸದಾಗಿ ಹಾಕಿದ ಮೇಲೆ ಡಿ ಡ್ರೈವ್‌ನ ‘ಲೆಕ್ಕ’ ಫೋಲ್ಡರ್‌ನಲ್ಲಿರುವ ಹಳೆಯ ಫೈಲ್‌ಗಳು ತೆರೆಯುತ್ತಿಲ್ಲ. ನನ್ನದು ಅಡ್ಮಿನ್ ಖಾತೆಯೇ. ಸೆಕ್ಯುರಿಟಿ ಟ್ಯಾಬ್‌ನಲ್ಲಿ ಹೆಸರಿರಬೇಕಾದ ಕಡೆ ಎಸ್-1-5-21 ಎಂದು ಶುರುವಾಗುವ ಉದ್ದನೆಯ ಸಂಖ್ಯೆ ಇದೆ. ಒಡೆತನ ಪಡೆಯುವ ಟೇಕ್‌ಓನ್ ಕಮಾಂಡ್ ಕೊಟ್ಟೆ, ಸಕ್ಸೆಸ್ ಅಂತಲೂ ಬಂತು, ಪ್ರಯೋಜನವಾಗಲಿಲ್ಲ. ಇದರ ಜೊತೆಗೆ ಒಂದು ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗದೆ ಎರರ್ 1402 ತೋರಿಸುತ್ತಿದೆ.

ಉತ್ತರ 1
ಆ ಸಂಖ್ಯೆ ನಿಮ್ಮ ಹಳೆಯ ಖಾತೆಯದು. ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಡ್ರೈವ್ ಬರೆದಿಟ್ಟುಕೊಳ್ಳುವುದು ಎಸ್‌ಐಡಿ ಎಂಬ ಈ ಗುರುತು ಸಂಖ್ಯೆಯನ್ನು, ಹೆಸರನ್ನಲ್ಲ. ಹೊಸ ವಿಂಡೋಸ್‌ನಲ್ಲಿ ಅದೇ ಹೆಸರಿನ ಖಾತೆ ಮಾಡಿದರೂ ಎಸ್‌ಐಡಿ ಬೇರೆ. ಟೇಕ್‌ಓನ್ ಒಡೆತನ ಕೊಡುತ್ತದೆ ಅಷ್ಟೇ. ಒಡೆಯನಿಗೆ ಪರ್ಮಿಷನ್ ಬದಲಿಸುವ ಹಕ್ಕು ಸಿಗುತ್ತದೆ, ಫೈಲ್ ಓದುವ ಹಕ್ಕು ತಾನಾಗಿ ಬರುವುದಿಲ್ಲ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇವೆರಡನ್ನೂ ಕೊಡಿ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ; ಮೊದಲನೆಯದು ಒಡೆತನಕ್ಕೆ, ಎರಡನೆಯದು ಪರ್ಮಿಷನ್‌ಗೆ):

ಟೇಕ್‌ಓನ್ /ಎಫ್ ಡಿ:\ಲೆಕ್ಕ /ಆರ್ /ಡಿ ವೈ
ಐಕ್ಯಾಕಲ್ಸ್ ಡಿ:\ಲೆಕ್ಕ /ರೀಸೆಟ್ /ಟಿ /ಸಿ

/ರೀಸೆಟ್ ಹಳೆಯ ನಮೂದುಗಳನ್ನು ತೆಗೆದು, ಡಿ ಡ್ರೈವ್‌ನ ಪರ್ಮಿಷನ್ ಕೆಳಗೆ ಇಳಿಯುವಂತೆ ಮಾಡುತ್ತದೆ. /ಟಿ ಬಿಟ್ಟರೆ ಒಳಗಿನ ಫೈಲ್‌ಗಳಿಗೆ ತಗಲುವುದಿಲ್ಲ. /ಸಿ ಇದ್ದರೆ ಒಂದು ಫೈಲ್ ಕೈಕೊಟ್ಟರೂ ಕೆಲಸ ಮುಂದುವರಿಯುತ್ತದೆ. ಕೊನೆಯ ಸಾಲಿನಲ್ಲಿ ಫೇಲ್ ಆದ ಫೈಲ್‌ಗಳ ಸಂಖ್ಯೆ ಸೊನ್ನೆ ಇದೆಯಾ ನೋಡಿ.

ಉತ್ತರ 2
ಫೈಲ್ ಐಕಾನ್ ಮೇಲೆ ಬೀಗದ ಚಿಹ್ನೆ ಇದ್ದರೆ ವಿಷಯವೇ ಬೇರೆ. ಅದು ಇಎಫ್‌ಎಸ್ ಎನ್‌ಕ್ರಿಪ್ಷನ್, ಅಂದರೆ ವಿಂಡೋಸ್ ಫೈಲನ್ನೇ ಗೂಢಲಿಪಿಗೆ ಬದಲಿಸಿಟ್ಟಿರುತ್ತದೆ. ಫುಲ್ ಕಂಟ್ರೋಲ್ ಇದ್ದರೂ ತೆರೆಯುವುದಿಲ್ಲ, ಹಳೆಯ ಖಾತೆಯ ಪಿಎಫ್‌ಎಕ್ಸ್ ಸರ್ಟಿಫಿಕೇಟ್ (ಬಿಡಿಸುವ ಕೀಲಿ ಇರುವ ಬ್ಯಾಕಪ್ ಫೈಲ್) ಬೇಕೇ ಬೇಕು.

ಎರರ್ 1402 ರಿಜಿಸ್ಟ್ರಿಯದು, ಅಂದರೆ ವಿಂಡೋಸ್‌ನ ಸೆಟ್ಟಿಂಗ್‌ಗಳ ಕಣಜದ್ದು: ಇನ್‌ಸ್ಟಾಲರ್‌ಗೆ ಅದರ ಒಂದು ಕೀ (ಫೋಲ್ಡರ್‌ನಂಥ ವಿಭಾಗ) ತೆರೆಯಲು ಆಗುತ್ತಿಲ್ಲ. ಯಾವ ಕೀ ಎಂಬುದು ಆ ಸಂದೇಶದಲ್ಲೇ ಇರುತ್ತದೆ. ಮೊದಲು, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು, ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ. ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್‌ನ ಎಕ್ಸ್‌ಪೋರ್ಟ್ ನಂಬಿ ಕೂರಬೇಡಿ, ಅದರಲ್ಲಿ ವ್ಯಾಲ್ಯೂಗಳು ಉಳಿಯುತ್ತವೆ, ಪರ್ಮಿಷನ್ ಉಳಿಯುವುದಿಲ್ಲ. ಆಮೇಲೆ ರೆಜ್‌ಎಡಿಟ್‌ನಲ್ಲಿ ಆ ಕೀ ಮೇಲೆ ರೈಟ್ ಕ್ಲಿಕ್, ಪರ್ಮಿಷನ್ಸ್, ಅಡ್ವಾನ್ಸ್ಡ್. ಓನರ್ ಅನ್ನು ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೆ ಬದಲಿಸಿ, ‘ರೀಪ್ಲೇಸ್ ಓನರ್’ ಟಿಕ್ ಹಾಕಿ ಅಪ್ಲೈ ಮಾಡಿ. ನಂತರ ಅಡ್ಮಿನಿಸ್ಟ್ರೇಟರ್ಸ್‌ಗೂ ಸಿಸ್ಟಮ್‌ಗೂ (ವಿಂಡೋಸ್‌ನ ಒಳ ಖಾತೆ) ಫುಲ್ ಕಂಟ್ರೋಲ್ ಕೊಡಿ. ಇನ್‌ಸ್ಟಾಲರ್ ಸೇವೆ ಓಡುವುದು ಸಿಸ್ಟಮ್ ಖಾತೆಯಲ್ಲಿ, ಹಾಗಾಗಿ ಸಿಸ್ಟಮ್ ಮರೆತರೆ ಅದೇ ಎರರ್ ಮತ್ತೆ ಬರುತ್ತದೆ.

ಪ್ರಶ್ನೆ ಕೇಳಿದವರು
ಫೋಲ್ಡರ್ ತೆರೆಯಿತು, ಧನ್ಯವಾದ. ಇದನ್ನೇ ಸಿ ಡ್ರೈವ್ ಪೂರ್ತಿಗೆ ಕೊಟ್ಟುಬಿಡಬಹುದಾ?

ಉತ್ತರ 1
ದಯವಿಟ್ಟು ಬೇಡ. ವಿಂಡೋಸ್ ಫೋಲ್ಡರ್‌ನ ಬಹುಪಾಲು ಫೈಲ್‌ಗಳ ಒಡೆತನ ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ವಿಂಡೋಸ್‌ನದೇ ಸೇವೆಯದು, ಅಡ್ಮಿನ್ ಕೂಡ ಅವನ್ನು ಕೆಡಿಸಬಾರದೆಂದೇ ಹಾಗಿಟ್ಟಿದ್ದಾರೆ. ಅಲ್ಲಿ /ರೀಸೆಟ್ ಕೊಟ್ಟರೆ ಒಂದೊಂದು ಫೋಲ್ಡರ್‌ಗೆ ಬೇರೆ ಬೇರೆಯಾಗಿದ್ದ ಪರ್ಮಿಷನ್‌ಗಳೆಲ್ಲ ಅಳಿಸಿಹೋಗುತ್ತವೆ, ಮೊದಲಿನಂತೆ ಮಾಡುವ ಒಂದೇ ಕಮಾಂಡ್ ಇಲ್ಲ. ತೊಂದರೆ ಕೊಡುವ ಕೀ ಅಥವಾ ಫೈಲ್ ಯಾವುದೋ ಅಷ್ಟಕ್ಕೇ ಕೈ ಹಾಕಿ.