ಹುಬ್ಬಳ್ಳಿಯ ಲ್ಯಾಪ್‌ಟಾಪ್, ಧಾರವಾಡದ ಪ್ಲೇಸ್ಟೇಷನ್, ಗದಗದ ಮೊಬೈಲ್: ಮೂವರೂ ಒಂದೇ ಆಟವನ್ನು ಒಟ್ಟಿಗೆ ಆಡಲು ಸಾಧ್ಯವೇ?

ಕೇಶ್ವಾಪುರದ ಆಟಗಾರ (ಪ್ರಶ್ನೆ)

ನಾನು ಹುಬ್ಬಳ್ಳಿಯಲ್ಲಿದ್ದೇನೆ, ನನ್ನ ಬಳಿ ಇರುವುದು ವಿಂಡೋಸ್ ಲ್ಯಾಪ್‌ಟಾಪ್. ಧಾರವಾಡದಲ್ಲಿರುವ ತಮ್ಮನ ಬಳಿ ಪ್ಲೇಸ್ಟೇಷನ್ 5 ಇದೆ. ಗದಗದಲ್ಲಿ ಏಳನೆಯ ತರಗತಿ ಓದುತ್ತಿರುವ ಅಕ್ಕನ ಮಗಳು ಆಂಡ್ರಾಯ್ಡ್ ಮೊಬೈಲಿನಲ್ಲಿ ಆಡುತ್ತಾಳೆ. ದಸರಾ ರಜೆಯಲ್ಲಿ ನಾವು ಮೂವರೂ ಎದುರಾಳಿಗಳಾಗದೆ, ಒಂದೇ ತಂಡವಾಗಿ ಒಬ್ಬರಿಗೊಬ್ಬರು ನೆರವಾಗುತ್ತ ಆಡಬೇಕೆಂಬುದು ಆಕೆಯ ಬಹುದಿನದ ಆಸೆ.

ಬೇಸಾಯದ ಆಟವಾದ ಸ್ಟಾರ್ಡ್ಯೂ ವ್ಯಾಲಿ ಮತ್ತು ಇಟ್ಟಿಗೆಯಂಥ ತುಂಡುಗಳಿಂದ ಲೋಕ ಕಟ್ಟುವ ಮೈನ್‌ಕ್ರಾಫ್ಟ್, ಎರಡು ಆಟಗಳನ್ನೂ ಮೂವರೂ ಹಣ ಕೊಟ್ಟು ಕೊಂಡಿದ್ದೇವೆ. ಆದರೆ ಮೊದಲನೆಯದರಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡಲು ಆಗುತ್ತಿಲ್ಲ. ಎರಡನೆಯದರಲ್ಲಿ ನಾನು ಜಾವಾ ಆವೃತ್ತಿಯನ್ನು ತೆರೆದರೆ ತಮ್ಮನೂ ಕಾಣುವುದಿಲ್ಲ, ಮಗುವೂ ಕಾಣುವುದಿಲ್ಲ. ಇದು ನಾವು ಸರಿಪಡಿಸಬಹುದಾದ ತೊಂದರೆಯೋ, ಇಲ್ಲವೇ ಈ ಆಟಗಳ ಸ್ವಭಾವವೇ ಹೀಗೋ? ಮುಂದೆ ಯಾವುದಾದರೂ ಆಟವನ್ನು ಕೊಳ್ಳುವ ಮೊದಲು ಏನನ್ನು ಪರಿಶೀಲಿಸಬೇಕು ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಸಪ್ತಾಪುರ ವಾಸಿ

ಸ್ಟಾರ್ಡ್ಯೂ ವ್ಯಾಲಿಯ ವಿಷಯದಲ್ಲಿ ನೀವು ಮಾಡಬಹುದಾದದ್ದು ಏನೂ ಇಲ್ಲ. ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಕಂಪ್ಯೂಟರುಗಳು ತಮ್ಮೊಳಗೆ ಕೂಡಿ ಆಡಬಲ್ಲವು, ಆದರೆ ಕಂಪ್ಯೂಟರಿನಿಂದ ಪ್ಲೇಸ್ಟೇಷನ್ನಿಗಾಗಲಿ ಮೊಬೈಲಿಗಾಗಲಿ ಅಧಿಕೃತ ದಾರಿ ಇಲ್ಲ. ಇದಕ್ಕೆ ಬಲವಾದ ಕಾರಣವೊಂದಿದೆ. ಈ ಆಟದ 1.6ನೆಯ ಆವೃತ್ತಿ ಕಂಪ್ಯೂಟರುಗಳಿಗೆ 2024ರ ಮಾರ್ಚ್‌ನಲ್ಲಿ ಬಂದಿತು, ಕನ್ಸೋಲ್ (ಪ್ಲೇಸ್ಟೇಷನ್ನಿನಂಥ ಆಟದ ಯಂತ್ರ) ಮತ್ತು ಮೊಬೈಲುಗಳಿಗೆ ಬಂದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ನಡುವಿನ ಅಷ್ಟೂ ತಿಂಗಳು ಕಂಪ್ಯೂಟರಿನ ಆಟದಲ್ಲಿದ್ದ ಹೊಸ ವಸ್ತುಗಳು ಮತ್ತು ಘಟನೆಗಳು ಕನ್ಸೋಲಿನ ಆಟಕ್ಕೆ ಗೊತ್ತೇ ಇರಲಿಲ್ಲ. ಒಂದು ಯಂತ್ರ ಕಳುಹಿಸಿದ ಮಾಹಿತಿಯನ್ನು ಇನ್ನೊಂದು ಯಂತ್ರ ಅರ್ಥಮಾಡಿಕೊಳ್ಳಲಾರದಿದ್ದಾಗ ಒಟ್ಟಿಗೆ ಆಡುವ ಮಾತೇ ಏಳುವುದಿಲ್ಲ. ಕನ್ಸೋಲಿಗೆ ಬರುವ ಪ್ರತಿಯೊಂದು ಪರಿಷ್ಕರಣೆಯೂ ಆ ಕಂಪನಿಯ ತಪಾಸಣೆಯನ್ನು ದಾಟಬೇಕಾಗುವುದರಿಂದ, ಚಿಕ್ಕ ತಂಡಗಳಿಗೆ ಎಲ್ಲ ವೇದಿಕೆಗಳನ್ನೂ ಒಂದೇ ಹೆಜ್ಜೆಯಲ್ಲಿ ನಡೆಸುವುದು ನಿಜಕ್ಕೂ ಕಷ್ಟದ ಕೆಲಸ.

ಮೈನ್‌ಕ್ರಾಫ್ಟ್ ವಿಷಯ ಬೇರೆ. ಆ ಹೆಸರಿನಲ್ಲಿ ಎರಡು ಪ್ರತ್ಯೇಕ ಆಟಗಳಿವೆ. ಜಾವಾ ಆವೃತ್ತಿ ಕಂಪ್ಯೂಟರುಗಳಿಗೆ ಮಾತ್ರ ಮೀಸಲು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದ ಬೆಡ್‌ರಾಕ್ ಆವೃತ್ತಿ ವಿಂಡೋಸ್, ಮೈಕ್ರೋಸಾಫ್ಟ್‌ನ ಕನ್ಸೋಲ್ ಆದ ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್, ನಿಂಟೆಂಡೊ ಸ್ವಿಚ್, ಐಫೋನ್ ಮತ್ತು ಆಂಡ್ರಾಯ್ಡ್‌ಗಳಲ್ಲಿ ನಡೆಯುತ್ತದೆ, ಮತ್ತು ಇವುಗಳಲ್ಲಿ ಆಡುವವರೆಲ್ಲ ಒಂದೇ ಲೋಕದಲ್ಲಿ ಸೇರಬಹುದು. ನಿಮ್ಮ ತಮ್ಮ ಮತ್ತು ಅಕ್ಕನ ಮಗಳ ಬಳಿ ಇರುವುದು ಬೆಡ್‌ರಾಕ್ ಆವೃತ್ತಿಯೇ. 2022ರ ಜೂನ್‌ನಿಂದ ವಿಂಡೋಸ್‌ನಲ್ಲಿ ಎರಡನ್ನೂ ಒಟ್ಟಿಗೆ ಮಾರಲಾಗುತ್ತಿದೆ, ಆದ್ದರಿಂದ ನೀವು ಆಟವನ್ನು ತೆರೆಯುವ ಲಾಂಚರ್ ಕಿಟಕಿಯಲ್ಲಿಯೂ ಬೆಡ್‌ರಾಕ್ ಇರುವ ಸಂಭವವೇ ಹೆಚ್ಚು. ಅದನ್ನು ತೆರೆದು ಹೊಸ ಲೋಕವೊಂದನ್ನು ಆರಂಭಿಸಿ. ಜಾವಾದಲ್ಲಿ ಕಟ್ಟಿದ ಲೋಕ ನೇರವಾಗಿ ಇಲ್ಲಿ ತೆರೆಯುವುದಿಲ್ಲ.

ಬೆಟಗೇರಿ ನಿವಾಸಿ

ಮೇಲಿನ ಉತ್ತರ ಸರಿಯಾಗಿದೆ, ಆದರೆ ಬೆಡ್‌ರಾಕ್ ತೆರೆದ ಕೂಡಲೇ ಮೂವರೂ ಸೇರಿಬಿಡುತ್ತಾರೆ ಎಂದು ಭಾವಿಸಬೇಡಿ. ನನ್ನ ಅನುಭವದಲ್ಲಿ ಮನೆಮಂದಿ ಹೆಚ್ಚು ತೊಡಕಿಗೆ ಸಿಲುಕುವುದು ಖಾತೆಗಳ ಹಂತದಲ್ಲಿ.

ಮೂವರೂ ಮೈಕ್ರೋಸಾಫ್ಟ್ ಖಾತೆಯ ಮೂಲಕ ಆಟದೊಳಗೆ ಪ್ರವೇಶಿಸಬೇಕು. ಪ್ಲೇಸ್ಟೇಷನ್ನಿನಲ್ಲಿ ಸೋನಿಯ ಖಾತೆಯೊಂದೇ ಸಾಲದು, ಅದರ ಜೊತೆಗೆ ಮೈಕ್ರೋಸಾಫ್ಟ್ ಖಾತೆಯನ್ನೂ ಜೋಡಿಸಬೇಕು. ಅಷ್ಟೇ ಅಲ್ಲದೆ, ಅಲ್ಲಿ ಆನ್‌ಲೈನ್ ಆಡಲು ಪ್ಲೇಸ್ಟೇಷನ್ ಪ್ಲಸ್ ಚಂದಾ ಇರಬೇಕು. ಲ್ಯಾಪ್‌ಟಾಪಿಗೂ ಮೊಬೈಲಿಗೂ ಅಂಥ ಚಂದಾ ಬೇಕಿಲ್ಲ. ಸಹಕಾರಿ ಆಟಕ್ಕೆ ಕೂಡುವ ಮೂವರಲ್ಲಿ ಒಬ್ಬರಿಗೆ ಮಾತ್ರ ಪ್ರವೇಶ ಶುಲ್ಕ ಬೀಳುವ ಈ ವ್ಯವಸ್ಥೆ ನನಗೆ ನ್ಯಾಯವೆನಿಸುವುದಿಲ್ಲ, ಆದರೆ ಸದ್ಯಕ್ಕೆ ಅದನ್ನು ಒಪ್ಪಿಕೊಂಡೇ ಲೆಕ್ಕ ಹಾಕಬೇಕು.

ಮಗುವಿನ ಖಾತೆಯ ಕಡೆಗೆ ವಿಶೇಷ ಗಮನ ಕೊಡಿ. ಏಳನೆಯ ತರಗತಿಯ ಹುಡುಗಿಯ ಜನ್ಮದಿನಾಂಕವನ್ನು ಪ್ರಾಮಾಣಿಕವಾಗಿ ನಮೂದಿಸಿದ್ದರೆ ಅದು ಮಕ್ಕಳ ಖಾತೆಯಾಗುತ್ತದೆ. ಆಗ ನಿಮ್ಮ ಅಕ್ಕನೋ ಭಾವನೋ ತಮ್ಮ ಖಾತೆಯಿಂದ ಎಕ್ಸ್‌ಬಾಕ್ಸ್ ಗೋಪ್ಯತೆಯ ಆಯ್ಕೆಗಳಿಗೆ ಹೋಗಿ, ಬಹುಆಟಗಾರರ ಆಟಗಳಿಗೆ ಸೇರುವ ಅನುಮತಿ ಮತ್ತು ಎಕ್ಸ್‌ಬಾಕ್ಸ್ ಜಾಲದ ಹೊರಗಿನವರೊಂದಿಗೆ ಆಡುವ ಅನುಮತಿ ಎರಡನ್ನೂ ಪ್ರತ್ಯೇಕವಾಗಿ ಕೊಡಬೇಕಾಗುತ್ತದೆ. ಈ ತೊಡಕನ್ನು ತಪ್ಪಿಸಲು ಸುಳ್ಳು ಜನ್ಮದಿನಾಂಕ ಕೊಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಅಪರಿಚಿತರ ಸಂದೇಶಗಳಿಂದ ಮಗುವನ್ನು ಕಾಯುವುದು ಅದೇ ಬೇಲಿ.

ಮೂರೂ ಸಾಧನಗಳಲ್ಲಿ ಬೆಡ್‌ರಾಕ್‌ನ ಒಂದೇ ಸಂಖ್ಯೆಯ ಆವೃತ್ತಿ ಇರಬೇಕು. ಮೊಬೈಲಿನ ಆಟ ರಾತ್ರೋರಾತ್ರಿ ತಾನಾಗಿಯೇ ಪರಿಷ್ಕೃತವಾಗಿ, ಪ್ಲೇಸ್ಟೇಷನ್ ವಾರಗಟ್ಟಲೆ ಆಫ್ ಆಗಿ ಉಳಿದಿದ್ದರೆ ಸಂಪರ್ಕ ಏರ್ಪಡುವುದಿಲ್ಲ. ಆಡುವ ಹಿಂದಿನ ದಿನವೇ ತಮ್ಮನಿಗೆ ಫೋನ್ ಮಾಡಿ ಪರಿಷ್ಕರಿಸಲು ಹೇಳಿ.

ಕೇಶ್ವಾಪುರದ ಆಟಗಾರ

ಇಬ್ಬರಿಗೂ ಧನ್ಯವಾದಗಳು. ಬೆಡ್‌ರಾಕ್ ನನ್ನ ಲಾಂಚರಿನಲ್ಲಿಯೇ ಇದೆ. ಇನ್ನೆರಡು ಸಂದೇಹಗಳಿವೆ. ಲೋಕ ನನ್ನ ಲ್ಯಾಪ್‌ಟಾಪಿನಲ್ಲಿದ್ದರೆ, ನಾನು ಕೆಲಸಕ್ಕೆ ಹೋದಾಗ ಅಕ್ಕನ ಮಗಳು ಅದರೊಳಗೆ ಹೋಗಿ ಏನನ್ನಾದರೂ ಕಟ್ಟಬಹುದೇ? ಮತ್ತು ರಾತ್ರಿ ಆಕೆ ಮಲಗಿದ ಮೇಲೆ ತಮ್ಮನೂ ನಾನೂ ಇಬ್ಬರೇ ಆಡಬಹುದಾದ ಬೇರೆ ಆಟವಿದೆಯೇ?

ಹಾವೇರಿಯ ಓದುಗ

ನಿಮ್ಮ ಲ್ಯಾಪ್‌ಟಾಪಿನಲ್ಲಿ ಆಟ ಮುಚ್ಚಿದೊಡನೆ ಆ ಲೋಕವೂ ಉಳಿದವರಿಗೆ ಮುಚ್ಚುತ್ತದೆ. ಅದು ಸದಾ ತೆರೆದಿರಬೇಕಾದರೆ ರೆಲ್ಮ್ಸ್ ಎಂಬ ಚಂದಾ ಸೇವೆ ಇದೆ. ಅದರ ಚಿಕ್ಕ ಯೋಜನೆಯಲ್ಲಿ ಮಾಲೀಕನೊಂದಿಗೆ ಇನ್ನಿಬ್ಬರು ಸೇರಬಹುದು, ನಿಮಗೆ ಅಷ್ಟು ಸಾಕು. ಕೊಳ್ಳುವಾಗ ಬೆಡ್‌ರಾಕ್‌ನ ರೆಲ್ಮ್ಸ್ ಎಂಬುದನ್ನು ಖಚಿತಪಡಿಸಿಕೊಳ್ಳಿ, ಜಾವಾದ ರೆಲ್ಮ್ಸ್ ಬೇರೆಯೇ ಇದೆ. ಮನೆಯಲ್ಲಿ ಸ್ವಂತ ಸರ್ವರ್ (ಲೋಕವನ್ನು ಸದಾ ತೆರೆದಿಡುವ ಕಂಪ್ಯೂಟರ್) ನಡೆಸುವ ಸಲಹೆಯನ್ನು ಕೆಲವರು ಕೊಟ್ಟಾರು. ಅನೇಕ ಫೈಬರ್ ಮತ್ತು ಮೊಬೈಲ್ ಸಂಪರ್ಕಗಳಲ್ಲಿ ಒಂದೇ ಸಾರ್ವಜನಿಕ ಇಂಟರ್‌ನೆಟ್ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿರುವುದರಿಂದ ಹೊರಗಿನವರು ನಿಮ್ಮ ಮನೆಯ ಸರ್ವರನ್ನು ತಲುಪಲಾರರು. ತಲುಪುವಂತಿದ್ದರೂ, ಪ್ಲೇಸ್ಟೇಷನ್ನಿನ ಮೈನ್‌ಕ್ರಾಫ್ಟಿನಲ್ಲಿ ಹೊರಗಿನ ಸರ್ವರಿನ ವಿಳಾಸವನ್ನು ಸೇರಿಸಲು ಸುಲಭವಾದ ಅವಕಾಶವಿಲ್ಲ. ರೆಲ್ಮ್ಸ್‌ನಲ್ಲಿ ಮೂವರೂ ಒಳಗಿನಿಂದ ಹೊರಗೆ ಸಂಪರ್ಕಿಸುವುದರಿಂದ ಈ ತೊಂದರೆ ಬರುವುದಿಲ್ಲ.

ಸಪ್ತಾಪುರದವರು ಹೇಳಿದ ತಾಂತ್ರಿಕ ಕಾರಣವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಅಷ್ಟರಿಂದಲೇ ಎಲ್ಲವೂ ತಿಳಿಯುವುದಿಲ್ಲ. ಡೀಪ್ ರಾಕ್ ಗ್ಯಾಲಕ್ಟಿಕ್ ಎಂಬ ನಾಲ್ವರ ಸಹಕಾರಿ ಆಟವನ್ನೇ ನೋಡಿ. ಒಂದೇ ವಿಂಡೋಸ್‌ನಲ್ಲಿ ಆಡುತ್ತಿದ್ದರೂ, ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡವರು ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಕೊಂಡವರೊಂದಿಗೆ ಸೇರಲಾರರು, ಆದರೆ ಮೈಕ್ರೋಸಾಫ್ಟ್ ಸ್ಟೋರ್‌ನವರು ಎಕ್ಸ್‌ಬಾಕ್ಸ್‌ನವರೊಂದಿಗೆ ಸೇರಬಲ್ಲರು. ಇಲ್ಲಿ ಗೋಡೆ ಇರುವುದು ಯಂತ್ರಗಳ ನಡುವೆ ಅಲ್ಲ, ಅಂಗಡಿಗಳ ನಡುವೆ. ಮೈನ್‌ಕ್ರಾಫ್ಟ್ ಬೆಡ್‌ರಾಕ್ 2017ರಲ್ಲಿಯೇ ಎಕ್ಸ್‌ಬಾಕ್ಸ್, ವಿಂಡೋಸ್ ಮತ್ತು ಮೊಬೈಲುಗಳನ್ನು ಕೂಡಿಸಿದ್ದರೂ ಪ್ಲೇಸ್ಟೇಷನ್ ಆ ಗುಂಪಿಗೆ ಸೇರಿದ್ದು 2019ರ ಡಿಸೆಂಬರ್‌ನಲ್ಲಿ. ಸೋನಿ 2018ರ ಸೆಪ್ಟೆಂಬರ್‌ನಲ್ಲಿ ಫೋರ್ಟ್‌ನೈಟ್ ಎಂಬ ಆಟಕ್ಕೆ ಅನುಮತಿ ಕೊಡುವ ತನಕ ಬೇರೆ ಕಂಪನಿಗಳ ಕನ್ಸೋಲುಗಳೊಂದಿಗೆ ಕೂಡಿ ಆಡುವ ಬಾಗಿಲು ಮುಚ್ಚಿಯೇ ಇತ್ತು.

ಇಬ್ಬರಿಗೆ ಸ್ಪ್ಲಿಟ್ ಫಿಕ್ಷನ್ ಆಟವನ್ನು ಮನಸಾರೆ ಸೂಚಿಸುತ್ತೇನೆ. ಅದು 2025ರ ಮಾರ್ಚ್‌ನಲ್ಲಿ ಬಂದಿತು. ಅದನ್ನು ಇಬ್ಬರೇ ಆಡಬೇಕು, ಒಬ್ಬರೇ ಆಡಲು ಬರುವುದಿಲ್ಲ. ನಿಮ್ಮಿಬ್ಬರಲ್ಲಿ ಒಬ್ಬರು ಕೊಂಡರೆ ಸಾಕು, ಇನ್ನೊಬ್ಬರು ಫ್ರೆಂಡ್ಸ್ ಪಾಸ್ ಎಂಬ ಉಚಿತ ಪ್ರತಿಯನ್ನು ಇಳಿಸಿಕೊಂಡು ಸೇರಬಹುದು, ಮತ್ತು ಲ್ಯಾಪ್‌ಟಾಪ್‌ನಿಂದ ಪ್ಲೇಸ್ಟೇಷನ್ 5ಕ್ಕೆ ಇದು ಕೆಲಸ ಮಾಡುತ್ತದೆ. ಇದೇ ಹೇಜ್‌ಲೈಟ್ ತಂಡ 2021ರಲ್ಲಿ ಹೊರತಂದ ಇಟ್ ಟೇಕ್ಸ್ ಟೂ ಆಟದಲ್ಲಿಯೂ ಫ್ರೆಂಡ್ಸ್ ಪಾಸ್ ಇತ್ತು, ಆದರೆ ಪ್ಲೇಸ್ಟೇಷನ್ನಿನವರು ಎಕ್ಸ್‌ಬಾಕ್ಸ್‌ನವರೊಂದಿಗಾಗಲಿ ಕಂಪ್ಯೂಟರಿನವರೊಂದಿಗಾಗಲಿ ಸೇರುವಂತಿರಲಿಲ್ಲ. ಆದ್ದರಿಂದ ತಂಡದ ಹೆಸರನ್ನು ನಂಬಿ ಕೊಳ್ಳಬೇಡಿ. ಆಟದ ಪುಟದಲ್ಲಿ ಆನ್‌ಲೈನ್ ಕೋ-ಆಪ್ (ಅಂತರಜಾಲದ ಮೂಲಕ ಸಹಕಾರಿ ಆಟ) ಎಂದಿದ್ದರೂ ಸಾಲದು. ಕ್ರಾಸ್‌ಪ್ಲೇ (ಬೇರೆ ಬೇರೆ ಸಾಧನಗಳವರು ಕೂಡಿ ಆಡುವುದು) ಎಂದಿದ್ದರೆ ಯಾವ ಯಾವ ವೇದಿಕೆಗಳ ನಡುವೆ ಎಂಬುದನ್ನು ಓದಿ, ನಿಮ್ಮ ಜೋಡಿ ಅಲ್ಲಿದೆಯೇ ನೋಡಿ. ಕ್ರಾಸ್‌ಸೇವ್ ಎಂದು ಮಾತ್ರ ಬರೆದಿದ್ದರೆ, ನಿಮ್ಮದೇ ಆಟವನ್ನು ಎರಡು ಸಾಧನಗಳಲ್ಲಿ ಮುಂದುವರಿಸಬಹುದು, ತಮ್ಮನೊಂದಿಗೆ ಆಡಲಾಗುವುದಿಲ್ಲ.

ಸ್ಪ್ಲಿಟ್ ಫಿಕ್ಷನ್ ಕೊಳ್ಳುವುದಾದರೆ ನಿಮ್ಮ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡ್ ಯಾವುದೆಂದು ಇಲ್ಲಿ ಬರೆಯಿರಿ. ಅದು ಭಾರದ ಆಟವಾದ್ದರಿಂದ, ಮೊದಲು ಫ್ರೆಂಡ್ಸ್ ಪಾಸ್ ಪ್ರತಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಹಣ ಕೊಟ್ಟು ಕೊಳ್ಳುವುದನ್ನು ತಮ್ಮನ ಪ್ಲೇಸ್ಟೇಷನ್ನಿನಲ್ಲಿ ಮಾಡುವುದು ಕ್ಷೇಮ.